ನತಾಶಾ ಕಾಂಪುಶ್ ಯಾರು? ಅವರ ಕಥೆಯನ್ನು ಮಾಧ್ಯಮಗಳು ಹೇಗೆ ತೋರಿಸಿದವು?

ನತಾಶಾ ಆಸ್ಟ್ರಿಯಾದವರು. 1998ರ ಮಾರ್ಚ್ 2ರಂದು ವಿಯೆನ್ನಾದಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದಾಗ ವೋಲ್ಫ್‌ಗಾಂಗ್ ಪ್ರಿಕ್ಲೋಪಿಲ್ ಎಂಬಾತ ವ್ಯಾನಿಗೆ ಎಳೆದುಕೊಂಡು ಅಪಹರಿಸಿದ. ಆಗ ಅವರಿಗೆ 10 ವರ್ಷ. ಗ್ಯಾರೇಜಿನ ಕೆಳಗಿದ್ದ, ಕಿಟಕಿಯಿಲ್ಲದ ಪುಟ್ಟ ನೆಲಮಾಳಿಗೆಯೇ ಅವರ ಸೆರೆಮನೆಯಾಯಿತು. 2006ರ ಆಗಸ್ಟ್ 23ರಂದು ಅವರು ಕಾರು ಸ್ವಚ್ಛಗೊಳಿಸುತ್ತಿದ್ದಾಗ ಆತನಿಗೊಂದು ಫೋನ್ ಬಂತು. ವ್ಯಾಕ್ಯೂಮ್ ಕ್ಲೀನರ್ ಸದ್ದಿಗೆ ಆತ ದೂರ ಸರಿದ, ನತಾಶಾ ಓಡಿದರು. ಅದೇ ದಿನ ಆತ ರೈಲಿಗೆ ಸಿಕ್ಕು ಆತ್ಮಹತ್ಯೆ ಮಾಡಿಕೊಂಡ.

ನನ್ನನ್ನು ಹೆಚ್ಚು ಕಾಡುವುದು ಆಮೇಲಿನದು. ಖಾಸಗಿ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ ಎಂದು ಅವರು ಮೊದಲೇ ಬಹಿರಂಗ ಪತ್ರದಲ್ಲಿ ಹೇಳಿದ್ದರು. ಆದರೂ ಪತ್ರಿಕೆಗಳು ಕೆದಕಿದ್ದು ಅದನ್ನೇ. ಟಿವಿ ಸಂದರ್ಶನದಲ್ಲಿ 18ರ ಹುಡುಗಿ ಸ್ಪಷ್ಟವಾಗಿ, ಧೈರ್ಯವಾಗಿ ಮಾತಾಡಿದ್ದನ್ನು ಮೊದಲು ಮೆಚ್ಚಿದ ಜನರಲ್ಲೇ ಹಲವರು ಕ್ರಮೇಣ ಅನುಮಾನಿಸತೊಡಗಿದರು. ಇಷ್ಟು ಗಟ್ಟಿಯಾಗಿರುವವಳು ಸಂತ್ರಸ್ತೆ ಹೇಗಾದಾಳು ಎಂಬ ಕ್ರೂರ ತರ್ಕ! ಅಪಹರಣಕಾರನ ಸಾವಿಗೆ ಅತ್ತದ್ದಕ್ಕೆ 'ಸ್ಟಾಕ್‌ಹೋಮ್ ಸಿಂಡ್ರೋಮ್' (ಸೆರೆಯಲ್ಲಿಟ್ಟವನ ಮೇಲೆಯೇ ಸೆರೆಯಾಳಿಗೆ ಮಮತೆ ಬೆಳೆಯುವ ಮನಸ್ಥಿತಿ) ಎಂಬ ಹಣೆಪಟ್ಟಿ ಅಂಟಿಸಿದರು. ನತಾಶಾ ಅದನ್ನು ಒಪ್ಪಲಿಲ್ಲ. ಎಂಟು ವರ್ಷ ತಾನು ಕಂಡ ಬಹುಪಾಲು ಏಕೈಕ ಮನುಷ್ಯನ ಜತೆ ಹೊಂದಿಕೊಂಡದ್ದು ಬದುಕುಳಿಯುವ ದಾರಿಯಾಗಿತ್ತು, ಅದು ಕಾಯಿಲೆಯಲ್ಲ ಎಂಬುದು ಅವರ ನಿಲುವು. ಅದು ನನಗೂ ಸರಿಯೆನಿಸುತ್ತದೆ.

2010ರಲ್ಲಿ ಅವರ ಆತ್ಮಕಥೆ '3096 ದಿನಗಳು' ಜರ್ಮನ್‌ನಲ್ಲಿ ಬಂತು, 2013ರಲ್ಲಿ ಅದೇ ಹೆಸರಿನ ಸಿನಿಮಾ. ಆಸಕ್ತಿಯಿದ್ದರೆ ಮೊದಲು ಪುಸ್ತಕ ಓದಿ. ಅಲ್ಲಿ ಮಾತು ಅವರದೇ.