ಮನೆಯಲ್ಲಿ ಯಾರಿಗೂ ಇಲ್ಲದ ಕಣ್ಣಿನ ಕ್ಯಾನ್ಸರ್‌ಗೆ ಜೀನ್ ಟೆಸ್ಟ್ ಯಾಕೆ?

ನಿಮ್ಮ ತಂಗಿ ಮಗುವಿನ ಎರಡೂ ಕಣ್ಣಲ್ಲಿ ರೆಟಿನೋಬ್ಲಾಸ್ಟೋಮಾ (ಪುಟ್ಟ ಮಕ್ಕಳಿಗೆ ಬರುವ ಕಣ್ಣಿನ ಕ್ಯಾನ್ಸರ್) ಇದೆ, ಬೆಂಗಳೂರಿನ ಡಾಕ್ಟರ್ ಆರ್‌ಬಿ1 ಅನ್ನೋ ಜೀನ್‌ನ ಟೆಸ್ಟ್ ಮಾಡಿಸಿ ಅಂದಿದ್ದಾರೆ ಅಂತ ಬರೆದಿದ್ದೀರಿ. ಅವರು ಹೇಳಿದ್ದು ಸರಿ.

ಆರ್‌ಬಿ1 ಇರುವುದು 13ನೇ ಕ್ರೋಮೋಸೋಮ್‌ನಲ್ಲಿ. ಜೀವಕೋಶ ಸಿಕ್ಕಾಪಟ್ಟೆ ಬೆಳೆಯದಂತೆ ಹಿಡಿಯುವ ಬ್ರೇಕ್ ಅದು. ಅಮ್ಮನಿಂದ ಒಂದು, ಅಪ್ಪನಿಂದ ಒಂದು, ಹೀಗೆ ಎರಡು ಬ್ರೇಕ್ ಇರುತ್ತವೆ, ಎರಡೂ ಕೆಟ್ಟ ಕೋಶದಲ್ಲಿ ಗೆಡ್ಡೆ ಶುರುವಾಗುತ್ತದೆ (1971ರಲ್ಲೇ ಕ್ನುಡ್ಸನ್ ಅನ್ನೋ ಸಂಶೋಧಕ ಇದನ್ನು ಬರೀ ಲೆಕ್ಕ ಹಾಕಿ ಹೇಳಿದ್ದರು, ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ!). ಹುಟ್ಟುವಾಗಲೇ ಒಂದು ಕೆಟ್ಟಿದ್ದರೆ ಇನ್ನೊಂದು ಕೆಡುವುದಷ್ಟೇ ಬಾಕಿ, ಅದಕ್ಕೇ ಎರಡೂ ಕಣ್ಣಿಗೆ, ಅದೂ ಬೇಗ ಬರುತ್ತದೆ.

ಮನೆಯಲ್ಲಿ ಯಾರಿಗೂ ಇಲ್ಲ ಅಂದರೆ ಅನುವಂಶಿಕ ಅಲ್ಲ ಅಂತಲ್ಲ. ದೋಷ ಎಷ್ಟೋ ಸಲ ಆ ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತದೆ. ಮುಂದೆ ಅದರ ಮಕ್ಕಳಿಗೆ ದಾಟುವ ಸಾಧ್ಯತೆ ಶೇ. 50, ದೊಡ್ಡವರಾದಾಗ ಮೂಳೆ ಕ್ಯಾನ್ಸರ್ ಅಪಾಯವೂ ಜಾಸ್ತಿ. ರೇಡಿಯೇಷನ್ ಆ ಅಪಾಯವನ್ನು ಇನ್ನೂ ಹೆಚ್ಚಿಸುವುದರಿಂದ ಡಾಕ್ಟರುಗಳು ಆದಷ್ಟು ತಪ್ಪಿಸುತ್ತಾರೆ.

ತಂಗಿಗೆ ಇನ್ನೊಂದು ಪುಟ್ಟ ಮಗು ಇದೆ ಅಂದಿರಲ್ವಾ? ಟೆಸ್ಟ್ ರಿಪೋರ್ಟ್‌ಗೆ ಕಾಯಬೇಡಿ, ಈಗಲೇ ಅದರ ಕಣ್ಣೂ ತೋರಿಸಿ.