ಲಾಂಗ್ ಡ್ರೆಸ್ಸಿಗೆ ಬೂಟು: ಮೊದಲು ಬೂಟು ಕೊಳ್ಳಿ, ಆಮೇಲೆ ಅಂಚು ಹೊಲಿಸಿ

ನೀವು ಕೇಳಿರೋದು ಎರಡು. ಐದಡಿ ಎತ್ತರದವರು ಲಾಂಗ್ ಡ್ರೆಸ್ ಕೆಳಗೆ ಬೂಟು ಹಾಕಿದ್ರೆ ಇನ್ನೂ ಗಿಡ್ಡ ಕಾಣ್ತಾರಾ? ಚಿತ್ರದುರ್ಗದ ಕೋಟೆಯಲ್ಲಿ ಫೋಟೊ ತೆಗೆಸೋಕೆ ಮೊಣಕಾಲುದ್ದದ ಬೂಟು ತಗೋಬಹುದಾ? ದಾವಣಗೆರೆಯಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯೋದು ನನ್ನ ಕೆಲಸ. ಹಾಗಾಗಿ ಬೂಟಿಗಿಂತ ಮೊದಲು ನನ್ನ ಕಣ್ಣು ಹೋಗೋದು ಡ್ರೆಸ್ಸಿನ ಅಂಚಿಗೆ.

ಗಿಡ್ಡ ಕಾಣಿಸೋದು ಬೂಟಿನಿಂದ ಅಲ್ಲ. ಬೂಟಿನ ಬಾಯಿಗೂ ಬಟ್ಟೆಯ ಅಂಚಿಗೂ ನಡುವೆ ಮೂರ್ನಾಲ್ಕು ಬೆರಳು ಕಾಲು ಕಂಡ್ರೆ, ಆ ಪಟ್ಟಿ ಕಾಲನ್ನ ಅಲ್ಲೇ ತುಂಡು ಮಾಡಿ ತೋರಿಸುತ್ತೆ. ಬೂಟಿನ ಬಾಯಿ ಬಟ್ಟೆಯೊಳಗೆ ಮುಚ್ಚಿಹೋಗಬೇಕು. ಪಾದದವರೆಗಿನ ಡ್ರೆಸ್ಸಿಗೆ ಗಿಣ್ಣು ಮುಚ್ಚೋವಷ್ಟು ಬೂಟು ಸಾಕು. ಮೊಣಕಾಲುದ್ದದ್ದು ಹಾಕಿದ್ರೆ ಯಾರಿಗೂ ಕಾಣಲ್ಲ, ಸೆಕೆ ಮಾತ್ರ ನಿಮಗೆ. ಸ್ಲಿಟ್ ಇರೋ ಡ್ರೆಸ್ಸಾದ್ರೆ ಅದರ ಮಾತು ಬೇರೆ.

ಲೇಸಿನ ಬೂಟು ಕೊಳ್ಳೋ ಮುಂಚೆ ಮೇಲ್ಗಡೆ ಮುಟ್ಟಿ ನೋಡಿ. ಕೆಲವದರಲ್ಲಿ ತೂತಿನ ಬದಲು ಕೊಕ್ಕೆ ಇರುತ್ತೆ. ನೆಟ್ ಬಟ್ಟೆ, ತೆಳು ಲೈನಿಂಗ್ ಅದಕ್ಕೆ ಸಿಕ್ಕಿ ಮೆಟ್ಟಿಲು ಹತ್ತುವಾಗ ಪರ್ ಅಂತ ಹರಿಯುತ್ತೆ. ಹಾಗೆ ರಿಪೇರಿಗೆ ಬರೋ ಗೌನುಗಳಲ್ಲಿ ಹರಿದಿರೋದು ಮುಂದಿನ ಲೈನಿಂಗು, ಅಂಚಿಗಿಂತ ಅರ್ಧ ಗೇಣು ಮೇಲೆ. ಅದಕ್ಕೇ ನಾನು ಚೆಲ್ಸಿ ಬೂಟು ಹೇಳೋದು. ಕೊಕ್ಕೆ ಇಲ್ಲ, ಬಕಲ್ ಇಲ್ಲ, ಎರಡೂ ಪಕ್ಕ ಎಲಾಸ್ಟಿಕ್ ಅಷ್ಟೆ. ಲಂಡನ್ನಿನ ಸ್ಪಾರ್ಕ್ಸ್ ಹಾಲ್ ಅನ್ನೋ ಬೂಟು ತಯಾರಕ ಇದನ್ನ ವಿಕ್ಟೋರಿಯಾ ರಾಣಿಗೆ ಮಾಡಿಕೊಟ್ಟು, 1851ರಲ್ಲಿ ಪೇಟೆಂಟ್ ತಗೊಂಡಿದ್ದ. ಹೆಂಗಸರು ನೆಲ ಮುಟ್ಟೋ ಲಂಗ ಹಾಕ್ತಿದ್ದ ಕಾಲದ ಬೂಟು ಅದು, ಇವತ್ತಿನ ಲಾಂಗ್ ಡ್ರೆಸ್ಸಿಗೂ ಚೆನ್ನಾಗಿ ಹೊಂದುತ್ತೆ. ಬಣ್ಣಕ್ಕೆ ಬಹಳ ತಲೆ ಕೆಡಿಸಿಕೊಳ್ಳಬೇಡಿ, ಕಪ್ಪು ಅಥವಾ ಕಡು ಕಂದು ಎಲ್ಲದಕ್ಕೂ ನಡೆಯುತ್ತೆ.

ಇನ್ನು ಅಂಚು. ಟೈಲರ್ ಹತ್ತಿರ ಹೋಗುವಾಗ ಬೂಟು ಹಾಕ್ಕೊಂಡೇ ಹೋಗಿ. ಸಮ ನೆಲದ ಮೇಲೆ ನೆಟ್ಟಗೆ ನಿಂತು ಎದುರಿಗೆ ನೋಡಿ, ಪಿನ್ನು ಬೇರೆಯವರು ಹಾಕಲಿ. ನೀವು ಬಗ್ಗಿ ನೋಡಿದ್ರೆ ಮುಂದಿನ ಅಂಚು ಇಳಿದು ಅಳತೆ ತಪ್ಪುತ್ತೆ. ಮುಂದೆ ನೆಲದಿಂದ ಎರಡಿಂಚು, ಹಿಂದೆ ಒಂದಿಂಚು ಎತ್ತರ ಬಿಡಿಸಿದ್ರೆ ನಡೆಯುವಾಗ ಕಾಲಿಗೆ ಸಿಗಲ್ಲ. ಮಿಕ್ಕ ಬಟ್ಟೆ ಕತ್ತರಿಸೋಕೆ ಬಿಡಬೇಡಿ, ಒಳಗೆ ಮಡಚಿ ಹೊಲಿಸಿ. ನಾಳೆ ದಪ್ಪ ಹೀಲಿನ ಬೂಟು ತಗೊಂಡ್ರೆ ಬಿಚ್ಚಿ ಇಳಿಸಬಹುದು.

ನಮ್ಮ ಕಡೆ ಬಿಸಿಲಿಗೆ ಒಳಗೆ ತುಪ್ಪಳ ಇರೋ ಬೂಟು ಖಂಡಿತ ಬೇಡ. ರೆಕ್ಸಿನ್ನಿನದ್ದು ಅಗ್ಗಕ್ಕೆ ಸಿಗುತ್ತೆ, ಆದರೆ ಗಾಳಿ ಆಡಲ್ಲ, ಹಾಕದೆ ಬಾಕ್ಸಿನಲ್ಲಿಟ್ಟರೂ ವರ್ಷ ಕಳೆದಂತೆ ಸಿಪ್ಪೆ ಏಳುತ್ತೆ. ಕೈಗೆಟುಕಿದ್ರೆ ಚರ್ಮದ್ದೇ ತಗೊಳ್ಳಿ. ಅಂಗಡಿಗೆ ಸಂಜೆ ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತೆ. ನೀವು ದಿನಾ ಹಾಕೋ ಕಾಟನ್ ಸಾಕ್ಸ್ ಹಾಕ್ಕೊಂಡೇ ಅಳತೆ ನೋಡಿ.

ಕೋಟೆಗೆ ಮಾತ್ರ ಹೀಲ್ ಬೇಡವೇ ಬೇಡ. ಅಲ್ಲಿ ಬಂಡೆಗೆ ಕಡಿದ ಮೆಟ್ಟಿಲು ಜನ ಓಡಾಡಿ ನುಣುಪಾಗಿವೆ. ರಬ್ಬರ್ ಸೋಲಿನ, ತಳದಲ್ಲಿ ಗೆರೆ ಇರೋ ಚಪ್ಪಟೆ ಬೂಟು ತಗೊಳ್ಳಿ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನ ನೋಡಿರ್ತೀರಲ್ಲ, ಆ ಗಾಳಿಗೆ ಡ್ರೆಸ್ಸಿನ ಅಂಚು ಹಾರುತ್ತೆ, ಆಗ ಬೂಟಿನ ಬಾಯಿ ಕಾಣುತ್ತೆ. ಆದ್ದರಿಂದ ಫೋಟೊಗೆ ಅಂತಲೇ ಆದ್ರೆ ಗಿಣ್ಣಿಗಿಂತ ನಾಲ್ಕು ಬೆರಳು ಮೇಲಕ್ಕೆ ಬರೋದು ಒಳ್ಳೇದು. ಓಬವ್ವನ ಕಿಂಡಿ ಬಹಳ ಇಕ್ಕಟ್ಟು, ಘೇರು ಜಾಸ್ತಿ ಇರೋ ಡ್ರೆಸ್ಸಾದ್ರೆ ಅಲ್ಲಿ ಎರಡೂ ಕೈಯಲ್ಲಿ ಒಟ್ಟುಮಾಡಿ ಹಿಡ್ಕೊಳ್ಳಿ. ಹೊಸ ಬೂಟನ್ನ ಒಂದು ವಾರವಾದರೂ ಮನೆಯಲ್ಲಿ ಹಾಕಿ ಓಡಾಡಿ, ಹಿಮ್ಮಡಿ ಉಜ್ಜಲ್ಲ ಅಂತ ಖಾತ್ರಿ ಆದಮೇಲೆ ಕೋಟೆ ಹತ್ತಿ.