ಕ್ರೋನೋ ಟ್ರಿಗರ್ ಟ್ಯೂನ್ ಕೀಬೋರ್ಡಿನಲ್ಲಿ ಯಾಕೆ ಬೇರೆ ಥರ ಕೇಳಿಸುತ್ತದೆ?

ನಮಸ್ಕಾರ. ಹಾಸನದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ನೀವು ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕ್ರೋನೋ ಟ್ರಿಗರ್ ಅನ್ನೋ ವಿಡಿಯೋ ಗೇಮಿನಲ್ಲಿ, ಕ್ರಿ.ಶ. 600ರ ಬಯಲಿನಲ್ಲಿ ಕೇಳಿಸುವ ಟ್ಯೂನ್ ಕಲಿತಿದ್ದೀರಿ. ಸ್ವರಗಳೆಲ್ಲ ಸರಿ ಇದ್ದರೂ ಆ ಗುಂಗು ಬರುತ್ತಿಲ್ಲ, ಯಾಕೆ ಅಂತ ಕೇಳಿದ್ದೀರಿ. ನೀವು ಜಾಸ್ತಿ ನುಡಿಸುತ್ತಿದ್ದೀರಿ ಅನ್ನಿಸುತ್ತದೆ.

1995ರ ಆ ಗೇಮ್ ಬಂದಿದ್ದು ಸೂಪರ್ ಫ್ಯಾಮಿಕಾಮ್ ಅನ್ನೋ ನಿಂಟೆಂಡೊ ಗೇಮ್ ಯಂತ್ರಕ್ಕೆ. ಅದರ ಸೌಂಡ್ ಚಿಪ್‌ನಿಂದ ಒಮ್ಮೆಗೆ ಎಂಟೇ ದನಿ ಹೊರಡುತ್ತವೆ. ಸದ್ದಿನ ಮೆಮೊರಿ ಬರೀ 64 ಕಿಲೋಬೈಟ್. ವಾದ್ಯಗಳ ಸ್ಯಾಂಪಲ್ (ಪುಟ್ಟ ರೆಕಾರ್ಡಿಂಗ್ ತುಣುಕು), ಎಕೋ ಎಲ್ಲಕ್ಕೂ ಅಷ್ಟರಲ್ಲೇ ಜಾಗ ಆಗಬೇಕು. ಕತ್ತಿ ಬೀಸಿದ ಸದ್ದಿಗೂ ಆ ಎಂಟರಲ್ಲೇ ಪಾಲು! ಹಲವು ಸ್ವರ ಒಟ್ಟಿಗೆ ಒತ್ತುವ ದಪ್ಪ ದಪ್ಪ ಕಾರ್ಡ್ ಪೇರಿಸಲು ಅಲ್ಲಿ ಜಾಗವೇ ಇಲ್ಲ. ಅದಕ್ಕೇ ಆ ಟ್ಯೂನಿನಲ್ಲಿ ತಂತಿ ಮೀಟಿದ ಹಾಗೆ ಸ್ವರಗಳು ಬಿಡಿಬಿಡಿಯಾಗಿ ಉದುರುತ್ತವೆ, ನಡುವೆ ಗಾಳಿ ಆಡುತ್ತದೆ. ನನಗೆ ಅದರ ಜೀವ ಇರುವುದೇ ಅಲ್ಲಿ.

ಇದು ಯಸುನೋರಿ ಮಿತ್ಸುದಾ ಸಂಗೀತ ಸಂಯೋಜಿಸಿದ ಮೊದಲ ಗೇಮ್ ಅನ್ನೋದು ಇವತ್ತಿಗೂ ನಂಬಲಾಗುವುದಿಲ್ಲ. ಕೆಲಸದ ಒತ್ತಡದಲ್ಲಿ ಅವರಿಗೆ ಹೊಟ್ಟೆಹುಣ್ಣಾಗಿ, ಉಳಿದ ಟ್ಯೂನ್‌ಗಳನ್ನು ಇನ್ನೊಬ್ಬ ಸಂಗೀತ ಸಂಯೋಜಕ ನೊಬುವೊ ಉಯೆಮತ್ಸು ಮುಗಿಸಿಕೊಟ್ಟರು.

ನೀವು ಮೊದಲು ಆಟೋ ರಿದಮ್ ಆಫ್ ಮಾಡಿ. ಎಡಗೈಯಲ್ಲಿ ಕಾರ್ಡ್ ಒತ್ತಿ ಹಿಡಿಯಬೇಡಿ, ಒಡೆದು ಒಂದೊಂದೇ ಸ್ವರ ನುಡಿಸಿ. ಪಿಜಿಕಾಟೊ (ಪಿಟೀಲಿನ ತಂತಿಯನ್ನು ಬೆರಳಲ್ಲಿ ಮೀಟಿದಂಥ) ಟೋನ್ ಇದ್ದರೆ ಅದನ್ನೇ ಹಾಕಿ. ಸ್ವರವನ್ನು ಎಳೆದು ಹಿಡಿಯುವ ಸಸ್ಟೇನ್ ಪೆಡಲ್ ಮುಟ್ಟಲೇಬೇಡಿ. ಮನೆಯಲ್ಲಾದರೆ ಸ್ವಲ್ಪ ಎಕೋ ಇರಲಿ. ಹಾಸನಾಂಬ ಕಲಾಕ್ಷೇತ್ರದಂಥ ದೊಡ್ಡ ಹಾಲ್‌ನಲ್ಲಾದರೆ ಅದನ್ನೂ ತಗ್ಗಿಸಿ, ಇಲ್ಲದಿದ್ದರೆ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.